ಮನೆಯಲ್ಲಿ ಬಿಯರ್ ಮಾಡಿದ ಅನುಭವ ಬ್ರೂವರಿ ಕೆಲಸಕ್ಕೆ ಬರುತ್ತಾ?

ಟಿಳಕವಾಡಿಯವ:

ಎಲ್ಲರಿಗೂ ನಮಸ್ಕಾರ. ಊರು ಬೆಳಗಾವಿ, ಸದ್ಯ ಇರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಬಂದು ಆರು ವರ್ಷ ಆಯಿತು. ಮೊದಲ ಚಳಿಗಾಲದಲ್ಲಿ ನನ್ನ ರೂಮ್‌ಮೇಟ್ ಒಂದು ಬಿಯರ್ ಕಿಟ್ ತಂದಿದ್ದ. 23 ಲೀಟರಿನ ಬಿಳಿ ಪ್ಲಾಸ್ಟಿಕ್ ಬಕೆಟ್, ಡಬ್ಬಿಯಲ್ಲಿ ಕಾಕಂಬಿಯಂಥ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಪಾಕ, ಒಂದು ಪೊಟ್ಟಣ ಯೀಸ್ಟ್. ಅವನು ಎರಡು ಸಲ ಮಾಡಿ ಬೇಸರ ಬಂದು ಬಿಟ್ಟ. ನಾನು ಹಿಡಿದವನು ಬಿಡಲಿಲ್ಲ.

ಈಗ ಡಬ್ಬಿ ಪಾಕ ಬಿಟ್ಟು ಮೂರು ವರ್ಷ ಆಯಿತು. ಬಾರ್ಲಿ ಮಾಲ್ಟ್ ತಂದು, ಒಡೆದು, ಬಿಸಿನೀರಲ್ಲಿ ನೆನೆಸಿ ಮೊದಲಿಂದಲೇ ಮಾಡುತ್ತೇನೆ. ಮೆಟ್ಟಿಲ ಕೆಳಗಿನ ಕಪಾಟು ನನ್ನ ಬ್ರೂವರಿ. ಅಲ್ಲಿ ವರ್ಷದ ಒಂಬತ್ತು ತಿಂಗಳು 18 ಡಿಗ್ರಿ ಆಸುಪಾಸು ಇರುತ್ತೆ. ಒಟ್ಟು 41 ಬ್ಯಾಚ್ ಆಗಿವೆ, ಎಲ್ಲ ಬರೆದಿಟ್ಟಿದ್ದೇನೆ. ಕುಡಿದ ಗೆಳೆಯರೆಲ್ಲ ‘ನೀನು ಇದನ್ನೇ ಕೆಲಸ ಮಾಡ್ಕೋ’ ಅನ್ನುತ್ತಾರೆ. ಫ್ರೀಯಾಗಿ ಕುಡಿಯುವವರು ಹಾಗೇ ಹೇಳುತ್ತಾರೆ, ಅದು ಗೊತ್ತಿದೆ.

ವಿಷಯ ಏನಂದರೆ, ಅಪ್ಪ ಅಮ್ಮನಿಗೆ ವಯಸ್ಸಾಗುತ್ತಿದೆ. ಮುಂದಿನ ವರ್ಷ ವಾಪಸ್ ಬರುವ ಯೋಚನೆ. ಸಾಫ್ಟ್‌ವೇರ್ ಸಾಕಾಗಿದೆ. ಬೆಂಗಳೂರಲ್ಲೋ ಪುಣೆಯಲ್ಲೋ ಮೈಕ್ರೊಬ್ರೂವರಿಯಲ್ಲಿ ಕೆಲಸಕ್ಕೆ ಸೇರಿದರೆ ಹೇಗೆ? ಮನೆಯಲ್ಲಿ 23 ಲೀಟರ್ ಮಾಡುವುದನ್ನೇ ಅಲ್ಲಿ ಸಾವಿರ ಲೀಟರ್ ಮಾಡುತ್ತಾರೆ, ಪಾತ್ರೆ ದೊಡ್ಡದು ಅಷ್ಟೇ ಅಂದುಕೊಂಡಿದ್ದೇನೆ. ತಪ್ಪಾ? ಎರಡನ್ನೂ ಮಾಡಿ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಬೈದರೂ ಪರವಾಗಿಲ್ಲ.


ಕೋರ್ಟ್ ಕಟ್ಟೆ:

ಬ್ರೂವರಿ ಬಗ್ಗೆ ನನಗೆ ಗೊತ್ತಿಲ್ಲ, ಕಾನೂನಿನ ಒಂದು ಮಾತು ಹೇಳಿ ಹೋಗುತ್ತೇನೆ. ಇಂಗ್ಲೆಂಡಿನಲ್ಲಿ ಮನೆಬಳಕೆಗೆ ಬಿಯರ್ ಮಾಡಲು 1963ರಿಂದ ಲೈಸೆನ್ಸ್ ಬೇಕಿಲ್ಲ. ನಮ್ಮಲ್ಲಿ ಹಾಗಿಲ್ಲ ತಮ್ಮಾ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮಾದಕ ಪಾನೀಯ ತಯಾರಿಸುವುದೇ ಅಪರಾಧ. ಮಾರದೆ ಇದ್ದರೂ, ನೀನೊಬ್ಬನೇ ಕುಡಿದರೂ ಅಷ್ಟೇ. ‘ನಮ್ಮ ಮನೆ ಅಡುಗೆಮನೆ, ನನ್ನ ಬಕೆಟ್’ ಅಂತ ವಾದ ಮಾಡೋಕೆ ಬರೋದಿಲ್ಲ. ಬರುವಾಗ ಆ ಬಕೆಟ್ ಅಲ್ಲೇ ಯಾರಿಗಾದರೂ ಕೊಟ್ಟು ಬಾ.


ಉದ್ಯಮಬಾಗ್ ಶೆಡ್:

ಟಿಳಕವಾಡಿಯವರೇ, ನಾನೂ ಬೆಳಗಾವಿಯವನೇ, ಶಹಾಪುರದವನು. ಎರಡನ್ನೂ ಮಾಡಿದ್ದೇನೆ, ಈಗ ಎರಡನ್ನೂ ಬಿಟ್ಟಿದ್ದೇನೆ. ಹಾಗಾಗಿ ಯಾರ ಪರವಾಗಿಯೂ ಮಾತಾಡಬೇಕಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಚಹಾ ಇಟ್ಟುಕೊಂಡು ಓದಿ.

ಓದೋಕೆ ಅಂತ ಅಮೆರಿಕಕ್ಕೆ ಹೋದಾಗ ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿದ್ದೆ. ಅದು ಬಿಯರಿನ ಊರು. ಅಮೆರಿಕದಲ್ಲಿ 1978ರಲ್ಲಿ ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಒಂದಿದೆ. ಅದರಿಂದ ಒಬ್ಬರೇ ಇರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್ ತನಕ ತೆರಿಗೆ ಇಲ್ಲದೆ ಮಾಡಿಕೊಳ್ಳಬಹುದು. ಅಲ್ಲಿ ಎಲ್ಲರೂ 5 ಗ್ಯಾಲನ್ ಲೆಕ್ಕ, 19 ಲೀಟರ್. ನಿಮ್ಮದು 23. ಮೂರು ವರ್ಷ ಗ್ಯಾರೇಜಿನಲ್ಲಿ ಮಾಡಿದೆ. ಆ ಊರು ಸುಮಾರು 1500 ಮೀಟರ್ ಎತ್ತರದಲ್ಲಿದೆ, ನೀರು 95 ಡಿಗ್ರಿಗೇ ಕುದಿಯುತ್ತೆ. ಬಿಯರಿಗೆ ಕಹಿ, ಘಮ ಕೊಡೋಕೆ ಹಾಕುವ ಹಾಪ್ಸ್ ಹೂವಿನ ಕಹಿ ಪೂರ್ತಿ ಬಿಡುವುದಿಲ್ಲ. ಪುಸ್ತಕದ ಲೆಕ್ಕಕ್ಕಿಂತ ಒಂದು ಮುಷ್ಟಿ ಜಾಸ್ತಿ ಹಾಕಬೇಕು ಅಂತ ಗೊತ್ತಾಗೋಕೆ ಐದು ಬ್ಯಾಚ್ ಹೋಯಿತು. ವಾಪಸ್ ಬಂದು ಪುಣೆಯಲ್ಲಿ ಆರು ವರ್ಷ ಬ್ರೂವರ್ ಕೆಲಸ ಮಾಡಿದೆ. ಎಲ್ಲಿ ಅಂತ ಹೇಳಲ್ಲ.

ಮೊದಲ ದಿನ ನನ್ನ ರೆಸಿಪಿ ಪುಸ್ತಕ ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ. ತೋರಿಸಬೇಕು ಅಂತ ಆಸೆ. ಅವರು ಕೊಟ್ಟಿದ್ದು ಮೊಣಕಾಲುದ್ದದ ಗಮ್‌ಬೂಟು ಮತ್ತು ಒಂದು ಸಲಿಕೆ. ಸಾವಿರ ಲೀಟರಿಗೆ ಸುಮಾರು 190 ಕಿಲೊ ಮಾಲ್ಟ್ ಬೀಳುತ್ತೆ. ಮನೆಯಲ್ಲಿ ನಾಲ್ಕೂವರೆ ಕಿಲೊ. ರಸ ಇಳಿಸಿದ ಮೇಲೆ ಆ ಚರಟ ನೀರು ಕುಡಿದು ಇನ್ನೂ ಭಾರ ಆಗಿರುತ್ತೆ, 70 ಡಿಗ್ರಿ ಬಿಸಿ ಇರುತ್ತೆ. ಅದನ್ನು ಪಾತ್ರೆಯ ಕಿಂಡಿಯಿಂದ ಸಲಿಕೆಯಲ್ಲಿ ಎಳೆದು ಡ್ರಮ್ಮಿಗೆ ತುಂಬಬೇಕು. ಎಮ್ಮೆ ಸಾಕಿದವರು ಟೆಂಪೊ ತಂದು ಒಯ್ಯುತ್ತಾರೆ. ಅವರು ಬರುವುದು ತಡವಾದರೆ ಸಂಜೆಗೆ ಹುಳಿ ವಾಸನೆ, ಮರುದಿನ ನೊಣ. ನನ್ನ ಪುಸ್ತಕವನ್ನು ಮೊದಲ ಎಂಟು ತಿಂಗಳು ಯಾರೂ ಕೇಳಲೇ ಇಲ್ಲ.

ನಿಜ ಹೇಳಬೇಕಂದರೆ ಕೆಲಸದ ಮುಕ್ಕಾಲು ಪಾಲು ತೊಳೆಯುವುದು. ಮನೆಯಲ್ಲಿ ಬಕೆಟ್ ತೊಳೆದು ಸ್ಯಾನಿಟೈಸರ್ ಚಿಮುಕಿಸಿದರೆ ಮುಗೀತು ಅಲ್ವಾ? ಅಲ್ಲಿ ಟ್ಯಾಂಕಿಗೆ ಮೊದಲು ನೀರು, ಆಮೇಲೆ ಬಿಸಿ ಕಾಸ್ಟಿಕ್ ಸೋಡಾ, ಮತ್ತೆ ನೀರು, ಆಮೇಲೆ ಆಸಿಡ್, ಮತ್ತೆ ನೀರು, ಕೊನೆಗೆ ಪೆರಾಸೆಟಿಕ್ ಆಸಿಡ್. ಒಂದು ಟ್ಯಾಂಕಿಗೆ ಎರಡು ಮೂರು ಗಂಟೆ. ಕೈ ಮೇಲೆ ಕಾಸ್ಟಿಕ್ ಹನಿ ಬಿದ್ದರೆ ಮೊದಲು ಉರಿಯುವುದಿಲ್ಲ, ಸೋಪಿನ ಥರ ಜಾರುತ್ತೆ. ಆ ಜಾರುವುದು ನಿಮ್ಮ ಚರ್ಮವೇ.

ಇದರಲ್ಲಿ ಒಂದು ಪಾಠ ಮನೆಯಲ್ಲಿ ಯಾರಿಗೂ ಸಿಗಲ್ಲ. ಎರಡನೇ ತಿಂಗಳು. ಬಿಯರ್ ಖಾಲಿಯಾದ ಟ್ಯಾಂಕಿನಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡಿರುತ್ತೆ. ಅದನ್ನು ಪೂರ್ತಿ ಹೊರಗೆ ಬಿಡದೆ ನಾನು ಕಾಸ್ಟಿಕ್ ಪಂಪ್ ಆನ್ ಮಾಡಿದೆ, ಮೇಲಿನ ವಾಲ್ವ್ ಮುಚ್ಚಿಯೇ ಇತ್ತು. ಕಾಸ್ಟಿಕ್ ಆ ಗ್ಯಾಸನ್ನು ನುಂಗಿಬಿಡುತ್ತೆ. ನುಂಗಿದರೆ ಒಳಗೆ ಏನೂ ಉಳಿಯಲ್ಲ, ಬರೀ ನಿರ್ವಾತ. ಟ್ಯಾಂಕು ‘ಟಣ್’ ಅಂದಿತು. ಹಳೆಯ ಹೆಲ್ಪರ್ ಒಬ್ಬರು, ನಮ್ಮ ನಿಪ್ಪಾಣಿ ಕಡೆಯವರು, ಕೈಯಲ್ಲಿದ್ದ ಚಹಾ ಅಲ್ಲೇ ಬಿಟ್ಟು ಓಡಿ ಬಂದು ವಾಲ್ವ್ ತೆಗೆದರು. ಗಾಳಿ ಒಳಗೆ ಹೋದ ಸದ್ದು ಈಗಲೂ ಕಿವಿಯಲ್ಲಿದೆ. ‘ಇನ್ನೊಂದು ನಿಮಿಷ ಬಿಟ್ಟಿದ್ರ ಲಕ್ಷಾನಗಟ್ಲೆ ರೊಕ್ಕದ ಟಾಕಿ ಖಾಲಿ ನೀರಿನ ಬಾಟ್ಲಿ ಹಂಗ ಮುದುಡತಿತ್ತು ನೋಡ’ ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇನ್ನು ‘ಪಾತ್ರೆ ದೊಡ್ಡದು ಅಷ್ಟೇ’ ಅಂದಿರಲ್ಲ, ಅದಕ್ಕೆ ಬರುತ್ತೇನೆ. ಒಂದು ವರ್ಷ ಆದ ಮೇಲೆ ನನ್ನದೊಂದು ಬಿಯರ್ ಮಾಡಲು ಬಿಟ್ಟರು. ಬೆಲ್ಜಿಯಂ ಥರದ ಗೋಧಿ ಬಿಯರ್, ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ ಬೀಜ ಹಾಕಿದ್ದು. ಫೋರ್ಟ್ ಕಾಲಿನ್ಸ್‌ನಲ್ಲಿ ಅದಕ್ಕೆ ಹೆಸರು ಮಾಡಿದ್ದೆ. ಮನೆಯಲ್ಲಿ 15 ಗ್ರಾಂ ಕೊತ್ತಂಬರಿ ಬೀಜ. ಗುಣಿಸಿ ಸುಮಾರು 800 ಗ್ರಾಂ ಹಾಕಿದೆ. ಲೆಕ್ಕ ಸರಿಯಾಗಿತ್ತು, ಬಿಯರ್ ಸರಿಯಾಗಲಿಲ್ಲ. ಮನೆಯಲ್ಲಿ ಒಲೆ ಆರಿಸಿ ತಾಮ್ರದ ಸುರುಳಿ ಇಳಿಸಿದರೆ ಇಪ್ಪತ್ತು ನಿಮಿಷಕ್ಕೆ ತಣ್ಣಗಾಗುತ್ತೆ. ಅಲ್ಲಿ ಸಾವಿರ ಲೀಟರು ಕೂಲರಿನಿಂದ ಹಾದು ಹೋಗೋಕೆ ಒಂದು ಗಂಟೆ. ಅಷ್ಟೂ ಹೊತ್ತು ಕೊತ್ತಂಬರಿ ಬೀಜ ಕುದಿಬಿಸಿಯಲ್ಲೇ ಕೂತು ರಸ ಬಿಡುತ್ತಿತ್ತು. ಹಾಪ್ಸಿನ ಕಥೆಯೂ ಅದೇ, ಕೊನೆಯಲ್ಲಿ ಬರೀ ಘಮಕ್ಕೆ ಅಂತ ಹಾಕಿದ್ದು ಕಹಿಯನ್ನೂ ಬಿಡುತ್ತೆ. ಗಿರಾಕಿಯೊಬ್ಬರು ಒಂದು ಗುಟುಕು ಕುಡಿದು ‘ಇದಕ್ಕೆ ಒಗ್ಗರಣೆ ಯಾಕೆ ಹಾಕಿಲ್ಲ?’ ಅಂದರಂತೆ. ವೇಟರ್ ಬಂದು ಹೇಳಿದ.

ಮನೆಯಲ್ಲಾದರೆ 19 ಲೀಟರ್ ಮೋರಿಗೆ ಸುರಿದು ಪಿಜ್ಜಾ ತರಿಸುತ್ತಿದ್ದೆ. ಅಲ್ಲಿ ಸಾವಿರ ಲೀಟರ್. ಮಾಲ್ಟಿನ ದುಡ್ಡು ಬಿಡಿ, ಎರಡು ವಾರ ಟ್ಯಾಂಕ್ ಆ ಬಿಯರಿಗೆ ಕೊಟ್ಟಿದ್ದೇವೆ. ಮಾಡಿದ್ದೆಷ್ಟು, ಮಾರಿದ್ದೆಷ್ಟು, ಚೆಲ್ಲಿದ್ದೆಷ್ಟು ಅಂತ ಅಬಕಾರಿ ಲೆಕ್ಕದಲ್ಲಿ ತೋರಿಸಬೇಕು. ಮತ್ತೊಂದು ಬ್ಯಾಚ್ ಕೊತ್ತಂಬರಿ ಇಲ್ಲದೆ ಮಾಡಿ, ಎರಡನ್ನೂ ಸ್ವಲ್ಪ ಸ್ವಲ್ಪ ಬೆರೆಸಿ ಖಾಲಿ ಮಾಡೋಕೆ ತಿಂಗಳು ಹಿಡಿಯಿತು. ಮೂರನೇ ಸಲ 350 ಗ್ರಾಂ ಹಾಕಿದಾಗ ಹದ ಬಂತು.

ಇನ್ನೊಂದು ಸಂಗತಿ ಬಿಸಿ. ನಿಮ್ಮ ಮೆಟ್ಟಿಲ ಕೆಳಗಿನ ಕಪಾಟು 18 ಡಿಗ್ರಿ ಇದ್ದರೆ ಬಕೆಟ್ಟೂ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಯೀಸ್ಟ್ ಕೆಲಸ ಮಾಡುವಾಗ ಕಾಯುತ್ತೆ, ಆದರೆ ಸಣ್ಣ ಬಕೆಟ್ಟಿನ ಮೈಯಿಂದ ಬಿಸಿ ಹೋಗಿಬಿಡುತ್ತೆ. ಸಾವಿರ ಲೀಟರಿನ ಹೊಟ್ಟೆಯಲ್ಲಿ ಹುಟ್ಟಿದ ಬಿಸಿ ಎಲ್ಲಿಗೂ ಹೋಗಲ್ಲ. ಅದಕ್ಕೇ ಟ್ಯಾಂಕಿನ ಸುತ್ತ ಗ್ಲೈಕಾಲ್ (ಹೆಪ್ಪುಗಟ್ಟದ ತಣ್ಣನೆಯ ದ್ರವ) ಹರಿಸಿ ತಂಪು ಮಾಡುತ್ತಾರೆ. ಒಂದು ಮೇ ತಿಂಗಳ ರಾತ್ರಿ ಕರೆಂಟ್ ಹೋಗಿ ಬಂದಾಗ ಚಿಲ್ಲರ್ ಟ್ರಿಪ್ ಆಗಿತ್ತು. ಯಾರೂ ನೋಡಲಿಲ್ಲ. ಬೆಳಿಗ್ಗೆ ಹೋದರೆ ಜರ್ಮನ್ ಗೋಧಿ ಬಿಯರ್ 18ರಿಂದ 25ಕ್ಕೆ ಏರಿ ಕೂತಿದೆ. ಆ ಯೀಸ್ಟು ತಂಪಿನಲ್ಲಿ ಲವಂಗದ ಘಮ ಕೊಡುತ್ತೆ, ಬಿಸಿಯಲ್ಲಿ ಬಾಳೆಹಣ್ಣಿನದು. ಇದು ಪೂರ್ತಿ ಬಾಳೆಹಣ್ಣು. ನನಗೆ ತಲೆ ಕೆಟ್ಟುಹೋಯಿತು.

ಆ ಬಿಯರ್ ಒಂಬತ್ತು ದಿನಕ್ಕೆ ಖಾಲಿ! ಜನಕ್ಕೆ ಅದೆಷ್ಟು ಸೇರಿತು ಅಂದರೆ ‘ಆ ಬಾಳೆಹಣ್ಣಿಂದು ಇದೆಯಾ?’ ಅಂತ ಹುಡುಕಿಕೊಂಡು ಬಂದರು. ಮಾಲೀಕರು ಖುಷಿಯಿಂದ ‘ಅದನ್ನೇ ಮತ್ತೆ ಮಾಡು’ ಅಂದರು. ಆಗ ನೋಡಿ ನನ್ನ ಹೊಟ್ಟೆಯಲ್ಲಿ ಕಲ್ಲು ಬಿತ್ತು. ರಾತ್ರಿ ಎಷ್ಟು ಗಂಟೆಗೆ ಬಿಸಿ ಏರಿತು, ಎಷ್ಟು ಹೊತ್ತು ಇತ್ತು, ಆಗ ಸಕ್ಕರೆ ಎಷ್ಟು ಉಳಿದಿತ್ತು, ಏನೂ ಬರೆದಿಲ್ಲ. ನಾಲ್ಕು ಸಲ ಪ್ರಯತ್ನ ಮಾಡಿದೆ. ಹತ್ತಿರ ಬಂತು, ಅದೇ ಬರಲಿಲ್ಲ.

ನಾನು ಹೇಳೋದು ಇಷ್ಟೇ. ಮನೆಯಲ್ಲಿ ಒಳ್ಳೆಯ ಬಿಯರ್ ಒಂದು ಸಲ ಮಾಡಿದರೆ ನೀವು ಗೆದ್ದಂತೆ. ಅಲ್ಲಿ ಅದನ್ನೇ ಮತ್ತೆ ಮಾಡಬೇಕು, ಮುಂದಿನ ವಾರ, ಮಳೆಗಾಲದಲ್ಲಿ, ಬೇರೆ ಚೀಲದ ಮಾಲ್ಟಿನಲ್ಲಿ, ನಿಮಗೆ ಜ್ವರ ಬಂದಾಗ. ನಮ್ಮ ಅವ್ವ ಮನೆಯಲ್ಲಿ ಕುಂದಾ ಮಾಡುತ್ತಾರೆ. ಒಂದು ಸಲ ಕೆಂಪಗೆ, ಒಂದು ಸಲ ಬೆಳ್ಳಗೆ, ಒಂದು ಸಲ ಹಾಲು ಹೆಚ್ಚು ಕುದ್ದು ಗಟ್ಟಿ. ಪ್ರತಿ ಸಲವೂ ನಾವು ತಟ್ಟೆ ನೆಕ್ಕುತ್ತೇವೆ. ಅದೇ ಅಂಗಡಿಯಲ್ಲಿ ಕಾಲು ಕಿಲೊ ತಂದಾಗ ಬಣ್ಣ ಒಂಚೂರು ಬೇರೆ ಇದ್ದರೆ ‘ಯಾಕ್ರೀ, ಅಡಿಗಿಯವ ಬದಲಾದನೇನು?’ ಅಂತ ಕೇಳುವುದಿಲ್ಲವಾ? ಆ ಅಡಿಗಿಯವನ ಕೆಲಸ ನೀವು ಕೇಳುತ್ತಿರುವುದು.

ಹಾಗಂತ ಬೇಡ ಅನ್ನುತ್ತಿಲ್ಲ. ನಿಮ್ಮ 41 ಬ್ಯಾಚಿಗೆ ವರ್ಷಗಳು ಹಿಡಿದವು. ಅಲ್ಲಿ ವಾರಕ್ಕೆ ಎರಡು, ಐದು ತಿಂಗಳಲ್ಲಿ 41 ಆಗುತ್ತೆ. ಮೈಕ್ರೋಸ್ಕೋಪಿನಲ್ಲಿ ಯೀಸ್ಟ್ ಎಣಿಸೋದು ಕಲಿಯುತ್ತೀರಿ. ಮನೆಯಲ್ಲಿ 11 ಗ್ರಾಮಿನ ಪೊಟ್ಟಣ ಕತ್ತರಿಸಿ ಉದುರಿಸಿದ್ದವನಿಗೆ ಅದು ಹೊಸ ಲೋಕ. ಟ್ಯಾಂಕಿನ ತಳದಿಂದ ಯೀಸ್ಟ್ ತೆಗೆದು ಮುಂದಿನ ಬ್ಯಾಚಿಗೆ ಹಾಕುತ್ತೀರಿ, ನಮ್ಮ ಮನೆಗಳಲ್ಲಿ ಹೆಪ್ಪಿಗೆ ಮೊಸರು ಉಳಿಸಿದ ಹಾಗೆ. ಬಿಯರಿನಲ್ಲಿ ಇರಬಾರದ ಬೆಣ್ಣೆ ವಾಸನೆ ಉಳಿದಿದೆಯಾ ಅಂತ ನೋಡೋಕೆ ಒಂದು ಲೋಟ ಬಿಯರನ್ನು 60 ಡಿಗ್ರಿಗೆ ಕಾಯಿಸಿ, ಆರಿಸಿ ಮೂಸುತ್ತೀರಿ. ಇಂಥ ಸಣ್ಣ ಸಣ್ಣ ವಿದ್ಯೆಗಳೇ ನನಗೆ ಇಷ್ಟವಾಗಿದ್ದು.

ಕಳೆದುಕೊಳ್ಳೋದೂ ಇದೆ. ನನಗೆ ಇಷ್ಟ ಕಪ್ಪು ಬಿಯರ್, ಸ್ಟೌಟ್. ಗಿರಾಕಿಗೆ ಬೇಕಾದ್ದು ಗೋಧಿ ಬಿಯರ್. ಆರು ವರ್ಷದಲ್ಲಿ ಸ್ಟೌಟ್ ಮಾಡಿದ್ದು ಏಳು ಸಲ. ಮನೆಯಲ್ಲಿ ಬಕೆಟ್ಟನ್ನು ಇನ್ನೊಂದು ವಾರ ಬಿಡೋಣ ಅನ್ನಬಹುದು. ಅಲ್ಲಿ ಹದಿಮೂರನೇ ದಿನ ಟ್ಯಾಂಕ್ ಖಾಲಿ ಬೇಕು, ಯಾಕಂದರೆ ಶನಿವಾರ ಬರುತ್ತಿದೆ. ಆಷಾಢ ಏಕಾದಶಿ, ಗಾಂಧಿ ಜಯಂತಿಯ ಡ್ರೈ ಡೇ ನೋಡಿಕೊಂಡು ಕ್ಯಾಲೆಂಡರ್ ಹಾಕಬೇಕು. ಬೆಳಿಗ್ಗೆ ಹತ್ತಕ್ಕೆ ಎಲ್ಲ ಟ್ಯಾಂಕಿನಿಂದ ಒಂದೊಂದು ಗುಟುಕು ರುಚಿ ನೋಡುವುದು ಡ್ಯೂಟಿ. ಅದು ಕುಡಿಯುವುದಲ್ಲ. ಎರಡು ವರ್ಷ ಆದ ಮೇಲೆ ಮದುವೆ ಪಾರ್ಟಿಯಲ್ಲೂ ನಿಮಗೆ ಬಿಯರ್ ರುಚಿಸಲ್ಲ, ಅದರ ತಪ್ಪಷ್ಟೇ ನಾಲಿಗೆಗೆ ಸಿಗುತ್ತೆ.

ಒಂದು ಪ್ರಶ್ನೆ ನಿಮಗೆ. 41 ಬ್ಯಾಚಿನಲ್ಲಿ ಒಂದೇ ಬಿಯರನ್ನು ಎಷ್ಟು ಸಲ ಮಾಡಿದ್ದೀರಿ?


ಟಿಳಕವಾಡಿಯವ:

ಅಣ್ಣಾ, ಎರಡು ಸಲ ಓದಿದೆ. ಆ ಕೊನೆಯ ಪ್ರಶ್ನೆಗೆ ಪುಸ್ತಕ ತೆಗೆದು ನೋಡಿದೆ. ಒಂದೇ ಬಿಯರನ್ನು ಎರಡನೇ ಸಲ ಮಾಡಿದ್ದು ಮೂರು ಮಾತ್ರ. ಅದರಲ್ಲೂ ಎರಡರಲ್ಲಿ ಹಾಪ್ಸ್ ಬದಲಾಯಿಸಿದ್ದೆ. ನನಗೇ ನಾಚಿಕೆ ಆಯಿತು. ‘ಚೆನ್ನಾಗಿತ್ತು, ಸ್ವಲ್ಪ ಸಿಹಿ’ ಅಂತ ಬರೆದಿದ್ದೇನೆ, ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ದೆ ಅಂತ ಎಲ್ಲೂ ಇಲ್ಲ.

ಇನ್ನೊಂದು ಆಸೆ ಹೇಳಿಕೊಳ್ಳಲಾ? ಅಮ್ಮನ ತವರು ವಿಜಯಪುರದ ಹತ್ತಿರ. ಅಲ್ಲಿನ ಮಾಲದಂಡಿ ಬಿಳಿಜೋಳ ಹಾಕಿ ಒಂದು ಬಿಯರ್ ಮಾಡಬೇಕು ಅಂತ ಬಹಳ ದಿನದಿಂದ ಇದೆ. ಕೆಲಸಕ್ಕೆ ಸೇರಿದರೆ ಅದು ಆಗಬಹುದಾ? ನೀವು ಯಾವತ್ತಾದರೂ ಮಾಡಿದ್ದೀರಾ?


ಘಟಪ್ರಭಾ ದಂಡೆ:

ನಾನು ಬಿಯರ್ ಕುಡಿಯುವುದಿಲ್ಲ, ಆದರೂ ಈ ಮಾತುಕತೆ ಓದಿ ನಗು ಬಂತು. ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದೇನೆ. ಸೀಸನ್ನಿನಲ್ಲಿ ಪ್ರತಿ ಗಂಟೆ ರಸದ ಬ್ರಿಕ್ಸ್, ಅಂದರೆ ಸಿಹಿಯ ಅಳತೆ, ನೋಡುವುದು ನನ್ನ ಕೆಲಸ. ರಸದ ಸಾಂದ್ರತೆ ಅಳೆಯುವ ನಿಮ್ಮ ಹೈಡ್ರೋಮೀಟರಿನಲ್ಲಿ 1.050 ಅಂದರೆ ನಮ್ಮ ಲೆಕ್ಕದಲ್ಲಿ 12ಕ್ಕಿಂತ ಸ್ವಲ್ಪ ಮೇಲೆ. ಕಬ್ಬಿನ ರಸ ಅದಕ್ಕಿಂತ ಬಹಳ ಸಿಹಿ.

ನಮ್ಮ ಅಜ್ಜನದು ಗಾಣ ಇತ್ತು. ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆಯುವುದು, ಪಾಕವನ್ನು ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡುವುದು, ಅಷ್ಟೇ ಅವರ ಲ್ಯಾಬು. ಒಂದು ಕೊಪ್ಪರಿಗೆಯ ಬೆಲ್ಲ ಇನ್ನೊಂದರಂತೆ ಇರುತ್ತಿರಲಿಲ್ಲ. ಸಂತೆಯಲ್ಲಿ ಜನ ಚಿವುಟಿ, ಬಾಯಿಗೆ ಹಾಕಿಕೊಂಡು, ತಮಗೆ ಬೇಕಾದ ಪೆಂಟಿ ಆರಿಸುತ್ತಿದ್ದರು. ಸಕ್ಕರೆಯನ್ನು ಯಾರೂ ಹಾಗೆ ಚಿವುಟಿ ನೋಡಿದ್ದು ನಾನು ಕಂಡಿಲ್ಲ.

ತೊಳೆಯುವ ವಿಷಯದಲ್ಲಿ ಮಾತ್ರ ಉದ್ಯಮಬಾಗ್ ಅವರಿಗೆ ಪೂರ್ತಿ ಒಪ್ಪಿಗೆ. ಕಬ್ಬು ಕಡಿದು ಒಂದು ದಿನ ದಾಟಿದರೆ ಬ್ಯಾಕ್ಟೀರಿಯಾ ಸೇರಿ ಸಕ್ಕರೆ ತಿನ್ನುತ್ತೆ, ರಸ ಲೋಳೆಯಾಗುತ್ತೆ. ಮಿಲ್ಲಿನ ಸಂದಿಯಲ್ಲಿ ರಸ ನಿಂತರೂ ಅಷ್ಟೇ. ಅದಕ್ಕೇ ಬಿಸಿನೀರು, ಆವಿ ಹೊಡೆದು ತೊಳೆಯುತ್ತಲೇ ಇರುತ್ತೇವೆ. ನಿಮಗೆ ಹುದುಗಿದರೆ ಕೆಲಸ ಆಯಿತು. ನಮಗೆ ಹುದುಗಿದರೆ ಕಳ್ಳ ಹೊಕ್ಕ ಹಾಗೆ. ಆದರೆ ಇಬ್ಬರ ಕೈಯಲ್ಲೂ ಬ್ರಷ್ಷು ಒಂದೇ!

ಟಿಳಕವಾಡಿಯವರಿಗೆ ಒಂದು ಮಾತು. ಪುಸ್ತಕದಲ್ಲಿ ‘ಸ್ವಲ್ಪ ಸಿಹಿ’ ಅಂತ ಬರೆಯಬೇಡಿ. ನಮ್ಮಲ್ಲಿ ಹಾಗೆ ಬರೆದರೆ ಶಿಫ್ಟ್ ಇನ್‌ಚಾರ್ಜ್ ರಿಜಿಸ್ಟರ್ ಎಸೆಯುತ್ತಾರೆ.


ಉದ್ಯಮಬಾಗ್ ಶೆಡ್:

ಅಕ್ಕಾ, ‘ಕಳ್ಳ ಹೊಕ್ಕ ಹಾಗೆ’ ಅಂದಿದ್ದು ಚೆನ್ನಾಗಿದೆ.

ಟಿಳಕವಾಡಿಯವರೇ, ಜೋಳ ಮಾಡಿದ್ದೇನೆ. ನೀವು ಕೇಳಬಾರದಿತ್ತು.

ಜೋಳದಲ್ಲಿ ಬಿಯರ್ ಆಗುತ್ತಾ ಅನ್ನುವುದು ಪ್ರಶ್ನೆಯೇ ಅಲ್ಲ. ಆಫ್ರಿಕಾದಲ್ಲಿ ಹಿಂದಿನಿಂದಲೂ ಮಾಡುತ್ತಾರೆ. ನೈಜೀರಿಯಾದಲ್ಲಿ 1988ರಲ್ಲಿ ಬಾರ್ಲಿ ಮಾಲ್ಟ್ ಆಮದು ನಿಲ್ಲಿಸಿದಾಗ ದೊಡ್ಡ ಬ್ರೂವರಿಗಳೇ ಜೋಳಕ್ಕೆ ತಿರುಗಿದವು. ತೊಂದರೆ ಇರುವುದು ಎರಡು ಕಡೆ. ಬಾರ್ಲಿಯ ಪಿಷ್ಟ 60–65 ಡಿಗ್ರಿಗೆ ಬೇಯುತ್ತೆ, ಪಿಷ್ಟವನ್ನು ಸಕ್ಕರೆ ಮಾಡುವ ಮಾಲ್ಟಿನ ಕಿಣ್ವಗಳು (ಎನ್‌ಜೈಮ್) ಕೆಲಸ ಮಾಡುವ ಬಿಸಿಯೂ ಅದೇ. ಜೋಳದ ಪಿಷ್ಟಕ್ಕೆ 70 ದಾಟಬೇಕು. ಅಷ್ಟು ಬಿಸಿಗೆ ಬಾರ್ಲಿಯ ಕಿಣ್ವ ಸಾಯೋಕೆ ಶುರು. ಹಾಗಾಗಿ ಜೋಳವನ್ನು ಬೇರೆಯಾಗಿ ನುಚ್ಚಿನಂತೆ ಬೇಯಿಸಿ, ಆಮೇಲೆ ಬೆರೆಸಬೇಕು. ಎರಡನೆಯದು, ಬಾರ್ಲಿಗೆ ಹೊಟ್ಟು ಇರುತ್ತೆ, ಆ ಹೊಟ್ಟೇ ಜರಡಿ. ಅದರ ಮೂಲಕ ರಸ ಸೋಸಿ ಇಳಿಯುತ್ತೆ. ನಮ್ಮ ಜೋಳಕ್ಕೆ ಹೊಟ್ಟಿಲ್ಲ.

ಪುಣೆಯಲ್ಲಿ ಮಾಲೀಕರನ್ನು ಎರಡು ವರ್ಷ ಕಾಡಿ ಒಪ್ಪಿಸಿದ್ದೆ. ವಿಜಯಪುರದಿಂದ ಬಸ್ಸಿನಲ್ಲಿ ಮಾಲದಂಡಿ ತರಿಸಿದೆ, 40 ಕಿಲೊ ನುಚ್ಚು ಒಡೆಸಿದೆ. ಬೇಯಿಸೋಕೆ ಬೇರೆ ಪಾತ್ರೆ ಇರಲಿಲ್ಲ, ಕುದಿಸುವ ಹಂಡೆಯಲ್ಲೇ ಬೇಯಿಸಿ ಪಂಪ್ ಮಾಡಿದೆ. ಬೆಳಿಗ್ಗೆ ಎಂಟಕ್ಕೆ ಶುರು. ದಿನಾ ಹನ್ನೊಂದಕ್ಕೆ ರಸ ಇಳಿದು ಮುಗಿದಿರುತ್ತೆ. ಅವತ್ತು ಹನ್ನೊಂದಕ್ಕೆ ನಲ್ಲಿಯಲ್ಲಿ ಬೆರಳಿನಷ್ಟು ಧಾರೆ, ಹನ್ನೆರಡಕ್ಕೆ ಹನಿ, ಆಮೇಲೆ ಅದೂ ಇಲ್ಲ. 40 ಕಿಲೊ ಅಂಬಲಿ ಜರಡಿ ಮೇಲೆ ಕೂತುಬಿಟ್ಟಿದೆ. ಕೆಳಗಿನಿಂದ ಬಿಸಿನೀರು ಹೊಡೆದು ಎತ್ತಿದೆವು, ದೊಡ್ಡ ಹುಟ್ಟು ಹಾಕಿ ತಿರುವಿದೆವು, ಮತ್ತೆ ಕೂತಿತು. ನಿಪ್ಪಾಣಿಯವರು ಇಣುಕಿ ನೋಡಿ ‘ಮಜ್ಜಿಗಿ ಉಳ್ಳಾಗಡ್ಡಿ ತರಲೇನ?’ ಅಂದರು. ಸಂಜೆ ನಾಲ್ಕಕ್ಕೆ ಹೇಗೋ ಇಳಿಯಿತು. ಭತ್ತದ ಹೊಟ್ಟು ನಾಲ್ಕು ಕಿಲೊ ಬೆರೆಸಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಅದು ನನಗೆ ಗೊತ್ತೂ ಇತ್ತು, ಮನೆಯಲ್ಲಿ ಬೇಕಾಗಿರಲಿಲ್ಲ ಅಂತ ಮರೆತಿದ್ದೆ. ಬಿಯರ್ ಚೆನ್ನಾಗೇ ಬಂತು, ತೆಳುವಾಗಿ, ಬಾಯಿ ಒಣಗಿಸುವ ಹಾಗೆ, ಕೊನೆಯಲ್ಲಿ ಒಂಚೂರು ರೊಟ್ಟಿಯ ನೆನಪು. ಆದರೆ ಮಾಲೀಕರು ‘ಇನ್ನೊಮ್ಮೆ ಜೋಳದ ಸುದ್ದಿ ತೆಗೀಬೇಡ’ ಅಂದರು. ಇಡೀ ದಿನದ ಕರೆಂಟು, ನಾಲ್ಕು ಜನರ ಓವರ್‌ಟೈಮ್. ಅವರದೂ ತಪ್ಪಿಲ್ಲ.

ನೀವು ಇದನ್ನು ಲೀಡ್ಸ್‌ನಲ್ಲೇ ಮಾಡಿ ಬನ್ನಿ. ಅಲ್ಲಿ ಅದು ತಪ್ಪಲ್ಲ, ಸುಲಭವೂ ಹೌದು. ದೊಡ್ಡ ಬಟ್ಟೆ ಚೀಲದಲ್ಲಿ ಮಾಲ್ಟ್ ನೆನೆಸಿ, ಚೀಲವನ್ನೇ ಎತ್ತಿ ಹಿಂಡುವ ಪದ್ಧತಿ ಗೊತ್ತಲ್ಲ? ಜರಡಿಯ ಗೋಳೇ ಇಲ್ಲ. ನಾಲ್ಕು ಕಿಲೊ ಮಾಲ್ಟಿಗೆ ಒಂದು ಕಿಲೊ ಜೋಳದ ನುಚ್ಚು ಸಾಕು. ಹಿಟ್ಟು ತಗೋಬೇಡಿ, ಮುದ್ದೆಯಾಗುತ್ತೆ. ನುಚ್ಚಿಗೆ ನಾಲ್ಕು ಪಟ್ಟು ನೀರು, ಒಂದು ಹಿಡಿ ಪುಡಿ ಮಾಲ್ಟ್ ಹಾಕಿ ನಿಧಾನ ಕಾಯಿಸಿ. ಆ ಮಾಲ್ಟ್ ಗಂಜಿಯನ್ನು ತೆಳು ಮಾಡುತ್ತೆ, ತಳ ಹಿಡಿಯಲ್ಲ. ಆಮೇಲೆ ಅರ್ಧ ಗಂಟೆ ಕುದಿಸಿ ದೊಡ್ಡ ಪಾತ್ರೆಗೆ ಸುರಿಯಿರಿ. ಒಟ್ಟು 66 ಡಿಗ್ರಿಗೆ ಬಂದು ನಿಲ್ಲಬೇಕು.

ಮತ್ತೆ ಅದನ್ನೇ ಮೂರು ಸಲ ಮಾಡಿ. ಒಂದು ಕಾಳೂ ಬದಲಾಯಿಸದೆ. ದಿನಕ್ಕೆ ಎರಡು ಸಲ ಬಿಸಿ ಬರೆಯಿರಿ. ಮೂರರಿಂದಲೂ ಒಂದೊಂದು ಬಾಟಲಿ ಉಳಿಸಿ, ಲೇಬಲ್ ತೆಗೆದು ಗೆಳೆಯರಿಗೆ ಕೊಡಿ. ಯಾವುದು ಯಾವುದು ಅಂತ ಅವರಿಗೆ ಗೊತ್ತಾಗದಿದ್ದರೆ ಪುಣೆಗೆ ಫೋನ್ ಮಾಡೋಣ, ನನಗೆ ಅಲ್ಲಿ ಇನ್ನೂ ಪರಿಚಯ ಇದೆ. ಮೂರನೇ ಸಲಕ್ಕೆ ಬೇಸರ ಬಂದರೂ ಹೇಳಿ, ಅದೂ ಉತ್ತರವೇ. ನಾನು ಬಿಟ್ಟಿದ್ದು ಬೇಸರ ಬಂದು ಅಲ್ಲ, ಬೆನ್ನುನೋವಿಗೆ. ಈಗ ಉದ್ಯಮಬಾಗಿನಲ್ಲಿ ಡೈರಿಗಳಿಗೆ ಸ್ಟೀಲ್ ಟ್ಯಾಂಕ್ ಮಾಡಿಕೊಡುತ್ತೇನೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಬ್ರೂವರಿಯನ್ನು ಕೆನ್ ಗ್ರಾಸ್‌ಮನ್ 1980ರಲ್ಲಿ ಶುರು ಮಾಡಿದ್ದು ಇಂಥವೇ ಹಳೆಯ ಡೈರಿ ಟ್ಯಾಂಕುಗಳಲ್ಲಿ. ಆತನೂ ಮನೆಯಲ್ಲಿ ಮಾಡಿ ಕಲಿತವನು. ಮೊದಲ ಹಲವು ಬ್ಯಾಚ್ ಒಂದರಂತೆ ಒಂದು ಬರಲಿಲ್ಲ ಅಂತ ಚೆಲ್ಲಿದ. ರುಚಿ ಕೆಟ್ಟಿತ್ತು ಅಂತಲ್ಲ.


ಟಿಳಕವಾಡಿಯವ:

ಮೂರು ಸಲ ಮಾಡುತ್ತೇನೆ ಅಣ್ಣಾ. ಇವತ್ತೇ ಇಲ್ಲಿನ ಗುಜರಾತಿ ಅಂಗಡಿಯಿಂದ ಐದು ಕಿಲೊ ಜೋಳ ತಂದೆ. ಮಾಲದಂಡಿಯೋ ಏನೋ ಗೊತ್ತಿಲ್ಲ, ಚೀಲದ ಮೇಲೆ ಬರೀ ‘ಜುವಾರ್’ ಅಂತಿದೆ. ಥರ್ಮಾಮೀಟರ್, ಹೊಸ ನೋಟ್‌ಬುಕ್ ಕೂಡ ತಂದಿದ್ದೇನೆ. ಸಂಜೆ ಅಮ್ಮನ ಜೊತೆ ವಿಡಿಯೊದಲ್ಲಿ ಮಾತಾಡುವಾಗ ಹಿಂದೆ ಜೋಳದ ಚೀಲ ಕಾಣಿಸಿತು. ‘ಅಂತೂ ರೊಟ್ಟಿ ಬಡಿಯಾಕ ಕಲತಿ ಅಂದಂಗಾತು’ ಅಂದರು. ಹೂಂ ಅಂದೆ.